ಅರವತ್ತೆಂಟನೆಯ ದಿನ

ಬಾಗಿಲು ತಟ್ಟುವ ಮುನ್ನವೇ ಅವಳು ತನ್ನೊಳಗೆ ಒಪ್ಪಿಕೊಂಡಿದ್ದಳು, ಈ ಕೆಲಸ ತನ್ನಿಂದಾಗದು ಎಂದು. ಬಸ್ಸಿನಲ್ಲಿ ‘ಇಳಿಯಬೇಕು’ ಎಂದು ಕೂಗಲು ನಾಚಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದವಳು ಅವಳು. ಅಮ್ಮ ಹೇಳಿಕೊಟ್ಟ ಮಾತನ್ನು ಬೆಳಗ್ಗೆ ಡೈರಿಯಲ್ಲಿ ಮೂರು ಸಲ ಬರೆದು ಬಾಯಿಪಾಠ ಮಾಡಿದ್ದಳು: ‘ಶುಕ್ರವಾರ ರಿಜಿಸ್ಟ್ರೇಷನ್ ಮಾಡಿಕೊಡಿ, ಇಲ್ಲವೇ ಮುಂಗಡ ವಾಪಸ್ ಕೊಡಿ.’ ಬರೆಯುವಾಗ ಎಷ್ಟು ಸಲೀಸಾಗಿತ್ತು!

“ರಿಜಿಸ್ಟ್ರೇಷನ್‌ಗೆ ಮೂವತ್ತೇ ದಿನ, ಬೇಕಾದ್ರೆ ಬರೆದಿಟ್ಕೊಳ್ಳಿ” ಎಂದಿದ್ದ ಬ್ರೋಕರ್, ಮುಂಗಡ ಕೊಟ್ಟ ದಿನ. ಅವಳು ನಿಜವಾಗಿಯೂ ಬರೆದಿಟ್ಟುಕೊಂಡಿದ್ದಳು. ಇದು ಅರವತ್ತೆಂಟನೆಯ ದಿನ. ಬ್ಯಾಂಕಿನವರು ಸಾಲ ಮಂಜೂರು ಮಾಡಿದ್ದರು, ವಕೀಲರು ಕಾಗದಪತ್ರ ಸರಿಯಿದೆ ಎಂದಿದ್ದರು. ಮನೆ ಮಾರುವವರು ಮಾತ್ರ ‘ಇನ್ನೊಂದು ವಾರ’ ಎನ್ನುತ್ತಲೇ ಇದ್ದರು. ಬೇರೆ ಯಾರೋ ಹೆಚ್ಚಿಗೆ ಕೊಡುತ್ತೇನೆಂದಿರಬೇಕು ಎಂದು ಬ್ರೋಕರ್ ಅಮ್ಮನ ಕಿವಿಯಲ್ಲಿ ಊದಿದ್ದ. ಇತ್ತ ಬಾಡಿಗೆ ಮನೆಯ ಮಾಲೀಕರು ಒಂದನೇ ತಾರೀಖಿಗೆ ಖಾಲಿ ಮಾಡಲೇಬೇಕು ಎಂದುಬಿಟ್ಟಿದ್ದರು. ನಿನ್ನೆ ಅವರು ಕಳಿಸಿದ ಪೇಂಟರ್ ಬಂದು, ಅಮ್ಮ ಬ್ಲೌಸು ಹೊಲಿಯುತ್ತ ಕೂತಿದ್ದಾಗಲೇ ಅವಳ ತಲೆಯ ಮೇಲಿನ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿಕೊಂಡು ಹೋಗಿದ್ದ. “ನಾನು ಹೋದ್ರೆ ಜಗಳ ಆಗತ್ತೆ. ನೀನು ಓದಿದೋಳು. ಕಡ್ಡಿ ಮುರಿದ ಹಾಗೆ ಹೇಳಿ ಬಾ” ಎಂದು ಅಮ್ಮ ಕಳಿಸಿದ್ದಳು.

“ಯಾರು?” ಬಾಗಿಲು ತೆರೆದವರು ಮನೆಯ ಒಡತಿ. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಎಂದಷ್ಟೇ ಅವಳಿಗೆ ಗೊತ್ತಿತ್ತು. ಮನೆ ನೋಡಲು ಬಂದ ದಿನ ಅವರು ಡ್ಯೂಟಿಯಲ್ಲಿದ್ದರು; ಆಮೇಲಿನ ಮಾತುಕತೆ, ಕರಾರು ಎಲ್ಲ ಬ್ರೋಕರ್ ಮೂಲಕವೇ ನಡೆದಿತ್ತು.

“ನಾನು... ಮನೆ ತಗೊಳ್ತಿರೋರ ಮಗಳು, ಮೇಡಂ.”

“ಓ! ದನಿ ಕೇಳಿದ್ರೆ ಪುಟ್ಟ ಹುಡುಗಿ ಹಾಗಿದೀಯ. ‘ನೀನು’ ಅಂದ್ರೆ ಬೇಜಾರಿಲ್ಲ ತಾನೆ? ಕೂತ್ಕೋ, ಟೀ ಮಾಡ್ತೀನಿ.”

ಅವಳು ಕೂತಳು. ಹೊತ್ತು ಮುಳುಗುತ್ತಿತ್ತು. ಒಳಗೆ ಪಾತ್ರೆಯ ಸದ್ದು, ಸಕ್ಕರೆ ಡಬ್ಬಿಯ ಮುಚ್ಚಳದ ಸದ್ದು. ಕೋಣೆ ಕಪ್ಪಾಯಿತು, ಎದುರಿನ ಕುರ್ಚಿಯೂ ಕಾಣದಾಯಿತು. ಎಂಥ ಜಿಪುಣಿ ಇವರು, ಒಂದು ಲೈಟ್ ಹಾಕಬಾರದೇ, ಎಂದುಕೊಂಡಳೇ ಹೊರತು ಕೇಳಲು ಬಾಯಿ ಬರಲಿಲ್ಲ. ಟೀ ಬಂದಾಗ ಬಟ್ಟಲಿಗಾಗಿ ಮೇಜನ್ನು ತಡಕಾಡಿದಳು.

“ಯಾಕಮ್ಮ, ಹುಡುಕ್ತಾ ಇದೀಯ? ಲೈಟ್ ಹಾಕ್ಕೊಂಡಿಲ್ವಾ?”

“ಇಲ್ಲ...”

“ಅಯ್ಯೋ ನನ್ನ ಮರೆವೇ! ನಂಗೆ ಹಗಲೂ ಒಂದೇ, ಕತ್ತಲೂ ಒಂದೇ, ಬಂದೋರೇ ಹೇಳ್ಬೇಕು. ಇಷ್ಟು ಹೊತ್ತೂ ಗೂಬೆ ಥರ ಕೂತಿದ್ಯಲ್ಲ, ಒಂದು ಮಾತು ಅನ್ನಬಾರದಾ? ಬಾಗಿಲ ಹಿಂದೆ ಇದೆ ನೋಡು, ಸ್ವಿಚ್ಚು.”

ಲೈಟ್ ಹತ್ತಿತು. ಆಪರೇಟರ್ ಅವರ ಕಣ್ಣುಗಳು ಅವಳ ಭುಜದಾಚೆ ಎಲ್ಲೋ ನೆಟ್ಟಿದ್ದವು. ಕಣ್ಣಿನ ವಿಷಯ ಬ್ರೋಕರ್ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಗೋಡೆಗುಂಟ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ಅವರ ಬಲ ಮಣಿಕಟ್ಟಿನ ಮೇಲೆ ಮುಲಾಮು ಸವರಿದ ಹಸಿ ಸುಟ್ಟ ಗಾಯ.

“ಕೈಗೇನಾಯ್ತು ಮೇಡಂ?”

“ಹೊಸ ಮನೆ ಒಲೆ ಕಚ್ತು” ಎಂದು ಅವರು ನಕ್ಕರು. “ಇಲ್ಲಿ ದೊಡ್ಡ ರಸ್ತೆ ದಾಟಿ ಬಸ್ ಹತ್ತಬೇಕಲ್ಲ. ಈಗಿನ ಗಾಡಿಗಳು ಸದ್ದೇ ಮಾಡಲ್ಲ, ಕಳ್ಳರ ಹಾಗೆ ಬರ್ತಾವೆ. ಅದಕ್ಕೇ ಆಸ್ಪತ್ರೆ ಹಿಂದೇನೇ ಒಂದು ಮನೆ ನೋಡ್ದೆ. ದಿನಾ ಡ್ಯೂಟಿ ಮುಗಿಸಿ ಅಲ್ಲಿಗೆ ಹೋಗಿ ಆ ಮನೇನ ಬಾಯಿಪಾಠ ಮಾಡ್ಕೊಳ್ತಿದೀನಿ. ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ, ಅದು ಬಂತು. ಬಾಗಿಲುಗಳು ಬಂದವು. ಅಡುಗೆಮನೆ ಮಾತ್ರ ಇನ್ನೂ ಬಗ್ಗಿಲ್ಲ. ಈ ಮನೇಲಾದ್ರೆ ನೋಡು, ಆಗಲೇ ಎರಡು ರೂಮು ಖಾಲಿ ಮಾಡಿ ಒಂದು ಮೂಲೇಲಿ ಇದೀನಿ, ಒಂದು ಲೋಟ ಉರುಳಿಸಿಲ್ಲ.”

“ಬ್ರೋಕರಿಗೆ ಹೀಗೆ ಅಂತ ಹೇಳಬಹುದಿತ್ತಲ್ಲ?”

“ಹೇಳಿದ್ರೆ ‘ಅಯ್ಯೋ ಪಾಪ’ ಅಂತಾನೆ. ಅದು ಈ ಗಾಯಕ್ಕಿಂತ ಉರಿಯುತ್ತಮ್ಮ. ಮೂವತ್ತು ದಿನ ಅಂದಿದ್ದ. ಕಾಗದಕ್ಕೆ ಸಾಕು, ನನ್ನ ಕೈಗೆ ಸಾಕಾಗ್ಲಿಲ್ಲ.” ಅವರು ತಮ್ಮ ಬಟ್ಟಲನ್ನು ಮೇಜಿನ ಅಂಚಿಗೆ ಬಾರದಂತೆ ಒಂದು ಬೆರಳಿನಿಂದ ಒಳಗೆ ಸರಿಸಿದರು. “ಅದಿರಲಿ, ಏನೋ ಹೇಳೋಕೆ ಬಂದಿದ್ಯಲ್ಲ?”

ಬಾಯಿಪಾಠದ ಮಾತು ನಾಲಿಗೆಯ ತುದಿಯವರೆಗೆ ಬಂತು. ಅವಳು ಗಾಯ ನೋಡಿದಳು. “ಏನಿಲ್ಲ ಮೇಡಂ, ಸುಮ್ನೆ ಬಂದೆ. ನಮಗೇನೂ ಅವಸರ ಇಲ್ಲ.”

“ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆ ಫೋನು ಎತ್ತುತ್ತಾ ಇದೀನಿ” ಎಂದರು ಆಪರೇಟರ್ ಮೆಲ್ಲಗೆ. “ಕೂಗಾಡೋರನ್ನ ಕಾಯಿಸ್ತೀನಿ. ‘ಏನಿಲ್ಲ, ಅವಸರ ಇಲ್ಲ’ ಅಂತಾರಲ್ಲ, ಅವರಿಗೇ ಮೊದಲು ಎಮರ್ಜೆನ್ಸಿ ಲೈನ್ ಕೊಡ್ತೀನಿ.”

ಅವಳ ಮುಖ ಬಿಸಿಯಾಯಿತು. ಬೆಳಕಿನಲ್ಲಿ ಎಲ್ಲವೂ ಎದ್ದು ಕಾಣುತ್ತಿತ್ತು: ಪೆಟ್ಟಿಗೆಗಳು, ಗಾಯ, ತಾನು. ಎದ್ದು ಬಾಗಿಲ ಕಡೆ ನಡೆದಳು. ನಾಲ್ಕು ಹೆಜ್ಜೆ.

“ಹೊರಟ್ಯಾ?” ಆಪರೇಟರ್ ಅವರ ದನಿ ಸಣ್ಣಗಾಗಿತ್ತು.

ಸ್ವಿಚ್ಚು ಟಕ್ಕೆಂದಿತು.

“ಲೈಟ್ ಆರಿಸಿದ್ಯಾ?”

“ಹ್ಞೂಂ.”

ಕತ್ತಲಲ್ಲಿ ಎಣಿಸುತ್ತ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದಳು. ಕುರ್ಚಿ ಇದ್ದಲ್ಲೇ ಇತ್ತು. ಕೂತು, ಡೈರಿಯ ಮುಂದೆ ಮಾತ್ರ ಬಿಡುವಂಥ ಒಂದು ಉಸಿರು ಬಿಟ್ಟಳು.

“ಒಂದನೇ ತಾರೀಖಿಗೆ ನಮಗೆ ಇರೋಕೆ ಮನೆ ಇಲ್ಲ, ಅಕ್ಕಾ.”