ಎದುರು ಮನೆಯ ವಾಟಿ

ಬಾಗಿಲು ತಟ್ಟಿದ ಸದ್ದು. ವಿಶ್ವಾಸ ಎತ್ತಿದ ಕೈಯನ್ನು ಹಾಗೇ ತಲೆಗೂದಲ ಮೇಲೆ ಸವರಿಕೊಂಡ.

"ಬಂದ್ಲು ನೋಡು, ನಿನ್ನ ಸಿಐಡಿ" ಎಂದ, ತಗ್ಗಿದ ದನಿಯಲ್ಲಿ.

ಅಲಕಾ ಸೆರಗನ್ನು ಮೊಣಕೈವರೆಗೆ ಎಳೆದುಕೊಂಡು ಬಾಗಿಲು ತೆರೆದಳು. ಎದುರು ಮನೆಯ ಪದ್ಮವ್ವ. ಕೈಯಲ್ಲಿ ಅದೇ ಸ್ಟೀಲಿನ ವಾಟಿ.

"ಒಂದೀಟು ಮೊಸರ ಐತೇನ್ರಿ, ಬಾಯಾರ?"

ಬ್ಯಾಂಕಿನವರು ವಿಶ್ವಾಸನನ್ನು ಪುಣೆಯಿಂದ ಬನಹಟ್ಟಿಗೆ ವರ್ಗ ಮಾಡಿದಾಗಿನಿಂದ ಸಂಜೆಯಾದರೆ ಇದೇ ಕಥೆ. ವಾಟಿ ತುಂಬಿದ ಮೇಲೂ ಮುದುಕಿ ಏಳುತ್ತಿರಲಿಲ್ಲ. ಚಾಪೆಯ ಮೇಲೆ ಕೂತು, ಇವತ್ತೇನು ಅಡಿಗೆ, ತವರು ಎಲ್ಲಿ, ಕೈಗೆ ಏನಾಯಿತು ಎಂದು ಒಂದೊಂದಾಗಿ ಕೇಳುತ್ತಿದ್ದಳು. ಬಚ್ಚಲಲ್ಲಿ ಜಾರಿದೆ ಎಂದರೆ ಎದ್ದು ಹೋಗಿ ಬಚ್ಚಲನ್ನು ನೋಡಿ ಬರುತ್ತಿದ್ದಳು. ವಿಶ್ವಾಸ ಉಂಡು ಆಕಳಿಸುವವರೆಗೆ ಅವಳ ಮಾತು ಮುಗಿಯುತ್ತಿರಲಿಲ್ಲ.

ಪುಣೆಯಲ್ಲಿ ಹೀಗಿರಲಿಲ್ಲ. ಗೋಡೆಯಾಚೆಯ ಸಂಸಾರದ ಹೆಸರು ಕೂಡ ಅಲಕಾಗೆ ಗೊತ್ತಿರಲಿಲ್ಲ. ಅವಳ ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿದ್ದ ವಾರಗಳಲ್ಲಿ ಲಿಫ್ಟಿನೊಳಗಿನವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. ತಾಟು ಗೋಡೆಗೆ ಅಪ್ಪಳಿಸಿದ ಸಂಜೆ ಪಕ್ಕದವರು ಟಿವಿ ಜೋರು ಮಾಡಿದರು. ಅದನ್ನವಳು ಸಭ್ಯತೆ ಎಂದುಕೊಂಡಿದ್ದಳು. ವಿಶ್ವಾಸನ ಕೈಯ ಸುದ್ದಿ ಜಮಖಂಡಿಯ ತವರಿಗೂ ಮುಟ್ಟಲಿಲ್ಲ. ಮರ್ಯಾದೆ ಉಳಿಯಿತು.

ಇಲ್ಲಿ ಅದು ಉಳಿಯುವ ಹಾಗಿರಲಿಲ್ಲ. ಹಗಲು ಮಗ್ಗಗಳ ಖಟಖಟದಲ್ಲಿ ಏನೂ ಕೇಳಿಸುತ್ತಿರಲಿಲ್ಲ, ನಿಜ. ಅವು ನಿಂತರೆ ಮಾತ್ರ ಚಮಚ ಬಿದ್ದರೂ ಓಣಿಗೆಲ್ಲ ಗೊತ್ತು. ಪದ್ಮವ್ವನ ಮನೆಯಲ್ಲಿ ಬೆಳಕಿರುವಾಗಲೇ ಪಾತ್ರೆ ತೊಳೆದು ಮುಗಿಯುತ್ತಿತ್ತು. ಆಮೇಲೆ ಕಟ್ಟೆಯ ಮೇಲೆ ಕೂತು ಈ ಮನೆಯತ್ತ ಕಿವಿ ಕೊಡುವುದೇ ಅವಳ ಕೆಲಸ. ಬಿಟ್ಟಿ ಮೊಸರಿಗೆ ಆ ಮನೆಯ ಬೆಕ್ಕು ಕೂಡ ಕೊಬ್ಬಿತ್ತು.

"ಪುಣೇದಾಗ ಮಂದಿ ಹೆಂಗರಿ?" ಎಂದು ಒಮ್ಮೆ ಕೇಳಿದ್ದಳು.

"ಛಲೋ ಮಂದಿ. ಯಾರೂ ಏನೂ ಕೇಳಂಗಿಲ್ಲ."

"ಏನೂ?"

ಅಲಕಾ ಒಲೆಯತ್ತ ತಿರುಗಿದ್ದಳು.

ಮೊಸರು ಮುಗಿದಿದೆ ಎಂದೂ ಒಂದು ದಿನ ಹೇಳಿ ನೋಡಿದಳು. ಮಜ್ಜಿಗೆಯಾದರೂ ನಡೆದೀತು ಎಂದಳು ಮುದುಕಿ. ಅದೂ ಇಲ್ಲ ಎಂದರೆ, "ಆತು ಬಿಡ್ರಿ, ಹಂಗ ಕೂತಿರ್ತೇನಿ."

ವಿಶ್ವಾಸನ ಸಹನೆ ಮುಗಿದದ್ದು ಒಂದು ಬೆಳಿಗ್ಗೆ. ಮಗ್ಗಗಳಿನ್ನೂ ಶುರುವಾಗಿರಲಿಲ್ಲ. ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಅವನು ಹೇಳಿದ: "ಇವತ್ತ ಆಕಿ ಹೊಸ್ತಿಲಾ ದಾಟಿದ್ರ, ಆಕಿ ಹೋದ ಮ್ಯಾಲ ನಿನಗದ."

ಅಲಕಾ ದಿನವಿಡೀ ಉಪಾಯ ಹುಡುಕಿದಳು. ದೇವರ ಮುಂದೆ ದೀಪ ಹಚ್ಚಿ, ಅವನು ಬರುವುದರೊಳಗೆ, ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಎದುರು ಮನೆಗೆ ನಡೆದಳು. ಇಡೀ ಗಡಿಗೆ ಕೊಟ್ಟುಬಿಟ್ಟರೆ ಮುದುಕಿಗೆ ಇವತ್ತು ಬರುವ ಕಾರಣವೇ ಇರುವುದಿಲ್ಲ.

ಅಲ್ಲಿ ಅಡಿಗೆಮನೆ ಕತ್ತಲಾಗಿತ್ತು. ಪಾತ್ರೆಗಳನ್ನು ಬೋರಲು ಹಾಕಿದ್ದರು. ಸೊಸೆ ನೇಹಾ ಗಡಿಗೆ ನೋಡಿ ನಕ್ಕಳು.

"ಈಗ ಮೊಸರ ಯಾರಿಗ್ರಿ? ನಾವು ಜೈನರು. ಹೊತ್ತ ಮುಳುಗಿದ ಮ್ಯಾಲ ನಮ್ಮತ್ತಿ ನೀರ ಸೈತ ಮುಟ್ಟಂಗಿಲ್ಲ."

ಗೊತ್ತಿದ್ದ ಮಾತೇ. ಹೆದರಿಕೆಯಲ್ಲಿ ಹೊಳೆದಿರಲಿಲ್ಲ, ಅಷ್ಟೆ. ಹಿತ್ತಲ ಬಾಗಿಲಲ್ಲಿ ಬೆಕ್ಕಿನ ತಟ್ಟೆ. ಅದರ ಅಂಚಿಗೆ ಅಲಕಾಳ ಮನೆಯ ಮೊಸರಿನ ಕೆನೆ ಒಣಗಿ ಅಂಟಿಕೊಂಡಿತ್ತು.

ಓಣಿಯ ತಿರುವಿನಲ್ಲಿ ವಿಶ್ವಾಸನ ಬೈಕು ಕೇಳಿಸಿತು.

ಪದ್ಮವ್ವ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು. ಒಂದು ಕೈಯಲ್ಲಿ ಖಾಲಿ ವಾಟಿ. ಇವತ್ತು ಕಂಕುಳಲ್ಲಿ ಹೊದೆಯುವ ಕೌದಿಯೂ ಇತ್ತು.

"ಗಡಿಗಿ ತಿರುಗಿ ಒಯ್ಯಿ, ಮಗಳ. ಅದು ಇಲ್ಲೇ ಇದ್ದರ ನಾ ಏನ ಕೇಳಾಕ ಬರ್ಲಿ?"