ಮೂರು ತಾಸು ನಲವತ್ತು ನಿಮಿಷ

“ಇದನ್ನ ನೀವೇ ಬರದೀರೇನ್ರಿ?”

ಪ್ರಾಚಾರ್ಯ ಓಂಪ್ರಕಾಶ ವಾರಪತ್ರಿಕೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿದರು. ಲೇಖನದ ಮೇಲೆ ಎದುರಿಗೆ ಕೂತಿದ್ದ ವಿಶ್ವಾಸನ ಫೋಟೊ, ಹೆಸರು, ‘ಅತಿಥಿ ಉಪನ್ಯಾಸಕ, ಭಾಲ್ಕಿ’ ಎಂಬ ಸಾಲು.

“ನನ್ನ ಹೆಸರೇ ಅದಲ್ರಿ ಸರ್.”

ಪತ್ರಿಕೆಯ ಕಚೇರಿಗೆ ಅದನ್ನು ಒಯ್ದು ಕೊಟ್ಟವನೂ ಅವನೇ. ಯುದ್ಧದ ಸಿನಿಮಾವೊಂದರ ಬಗ್ಗೆ ಮೆಚ್ಚಿ ಬರೆದ ಲೇಖನ. ಮುತ್ತಿಗೆಗೆ ಸಿಕ್ಕ ಊರು, ಒಬ್ಬ ದಾದಿ, ಕಾಲು ಕಳೆದುಕೊಂಡ ಸೈನಿಕ. ಅವರಿಬ್ಬರ ಹಾಸಿಗೆಯನ್ನು ಚಿತ್ರ ಮುಚ್ಚಿಟ್ಟಿರಲಿಲ್ಲ, ಲೇಖನವೂ ಮುಚ್ಚಿಟ್ಟಿರಲಿಲ್ಲ. ಕೆಂಪು ಗೆರೆ ಎಳೆದ ಸಾಲನ್ನು ಪ್ರಾಚಾರ್ಯರು ದನಿ ತಗ್ಗಿಸಿ ಓದಿದರು: “ಬಾಂಬು ಬೀಳುವ ಊರಿನಲ್ಲಿ ಮೈ ಮೈಯನ್ನು ಹುಡುಕುವುದು ಸುಖಕ್ಕಲ್ಲ, ಇನ್ನೂ ಬದುಕಿದ್ದೇವೆಯೇ ಎಂದು ಮುಟ್ಟಿ ನೋಡಿಕೊಳ್ಳಲು.”

ಕನ್ನಡಕ ತೆಗೆದರು. “ನಾಲ್ಕು ತಾಸು ಕೂತು ನೋಡೀರಿ?”

“ಮೂರು ತಾಸು ನಲವತ್ತು ನಿಮಿಷರಿ.”

“ಕಡೀಕ ಆ ದಾದಿ ಏನಾಗ್ತಾಳ?”

ವಿಶ್ವಾಸ ಬಾಯಿ ತೆರೆದ. ಆಮೇಲೆ ತಲೆ ತಗ್ಗಿಸಿ ಲೇಖನದ ಕೊನೆಯ ಸಾಲುಗಳಲ್ಲಿ ಹುಡುಕಿದ.

“ಬರಿವಾಗ ಇಲ್ಲದ ನಾಚಿಕಿ ಈಗ ಬಂತು ನೋಡ್ರಿ,” ಎಂದರು ಪ್ರಾಚಾರ್ಯರು.

ಪಕ್ಕದಲ್ಲಿದ್ದ ಉರ್ದು ವಿಭಾಗದ ಮುಜೀಬೋದ್ದೀನ ಕೆಮ್ಮಿದರು. ಒಳ್ಳೆಯ ಮನುಷ್ಯ. “ವಿಶ್ವಾಸ ಸಾಬ, ‘ನಾ ಬರದಿಲ್ಲ, ಯಾರೋ ಬರದಿದ್ದು ನನ್ನ ಹೆಸರಿನಾಗ ಬಂದದ’ ಅಂದುಬಿಡ್ರಿ. ಬಾತ್ ಖತಂ.”

“ಯಾರು ಅಂತ ಬರದು ಕೊಡಬೇಕಾಗ್ತದ,” ಎಂದರು ಪ್ರಾಚಾರ್ಯರು. “ಕಾಲೇಜಿನ ಆಡಳಿತ ಮಂಡಳಿಯವರು ಅದನ್ನ ನೋಟಿಸ್ ಬೋರ್ಡಿಗೆ ಹಚ್ತಾರ. ಇಲ್ಲಾಂದ್ರ ನಾಳಿಯಿಂದ ನೀವು ಬರೂದು ಬ್ಯಾಡ. ಏಳು ವರ್ಷ ದುಡದೀರಿ, ವಿಚಾರ ಮಾಡ್ರಿ.”

ಮುಂಜಾನೆ ಔರಾದದಿಂದ ಹೆಂಡತಿಯ ತಂದೆ ವೈಜಿನಾಥ ಫೋನು ಮಾಡಿದ್ದರು. ಅವರ ಅಂಗಡಿಯ ಮುಂದೆ ಯಾರೋ ಈ ಲೇಖನವನ್ನು ಎಲ್ಲರಿಗೂ ಕೇಳುವಂತೆ ಓದಿ ನಕ್ಕಿದ್ದರಂತೆ. ಬಯ್ಯಲಿಲ್ಲ ಅವರು. “ನಮ್ಮ ಸುಜಾತಾಗರ ಇಂಥಾದ್ದು ತೋರಸಬ್ಯಾಡ್ರಿ ಅಳಿಯಂದ್ರ. ಆಕೀ ಸಣ್ಣಾಕಿ ಇದ್ದಾಗಿಂದ ಭಾಳ ಸೂಕ್ಷ್ಮ,” ಎಂದಷ್ಟೇ ಹೇಳಿ ಫೋನು ಇಟ್ಟಿದ್ದರು.

ವಿಶ್ವಾಸ ಕಾಗದ ಎಳೆದುಕೊಂಡ. ‘ನಾನೇ ಬರೆದಿದ್ದೇನೆ’ ಎಂದು ಬರೆದು ಸಹಿ ಹಾಕಿದ. ಮುಜೀಬೋದ್ದೀನರು ಕಿಟಕಿಯ ಕಡೆ ತಿರುಗಿದರು.

ಬಸ್ಸಿಳಿದು ಬೀದರದ ಮನೆ ಮುಟ್ಟಿದಾಗ ಸಂಜೆ ಐದು. ಸುಜಾತಾ ಬಾಗಿಲಲ್ಲೇ ನಿಂತಿದ್ದಳು.

“ಏನಾತ್ರಿ?”

“ಕೆಲಸ ಹೋತು.”

ಅವಳು ಹೊಸ್ತಿಲ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಬೀದಿಯಲ್ಲಿ ಹೋಗುವವರು ನೋಡಿ ಹೋಗುತ್ತಿದ್ದರು.

“ಖರೇ ಹೇಳಿಬಿಡಬೇಕಿತ್ತು ನೀವು,” ಎಂದಳು.

ಅವನು ಬೂಟಿನ ದಾರ ಬಿಚ್ಚಿದ.

“ಈಗರ ಆ ಸಿನಿಮಾ ನನಗ ತೋರಸು,” ಎಂದ. “ನೀ ಏನು ನೋಡಿ ಅಷ್ಟು ಬರದಿ ಅಂತ ನನಗೂ ತಿಳೀಲಿ.”