ಸಂಡಾಸದಲ್ಲಿ ನಿಂಬೆಹಣ್ಣು

ಹೆಂಗಸರ ಸಂಡಾಸದಲ್ಲಿ ರಾವಸಾಬ ನಿಂಬೆಹಣ್ಣಿನ ಚೀಲ ಒಟ್ಟಿಸಿದ. ಇಂಡಿ ಪಟ್ಟಣದ ಹೊರಗಿದ್ದ ಅವನ ಅಡತಿ ಮಂಡಿಯಲ್ಲಿ ಹಣ್ಣು ಆರಿಸುವವರೆಲ್ಲ ಹೆಂಗಸರು. ಅವರಿಗಿದ್ದದ್ದು ಅದೊಂದೇ ಸಂಡಾಸ. ಹೊರಗೆ ಬಿಸಿಲಿಗೆ ಹಣ್ಣು ಬಾಡುತ್ತದೆ, ಅಲ್ಲಿ ತಂಪು ಎಂದ. ಅಡತಿಯ ಸುತ್ತ ಬಯಲು, ಬಯಲ ತುಂಬ ಲಾರಿ, ಲಾರಿಯ ತುಂಬ ಗಂಡಸರು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು.

ಅವರಲ್ಲಿ ಕಸ್ತೂರೆವ್ವನಿಗೆ ಉರಿಮೂತ್ರ ಹತ್ತಿತು. ಚಳಿಜ್ವರ ಬಂತು. ಸೂಜಿ ಮಾಡಿಸಿಕೊಂಡರೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಕೋಮಲ ಅವಳ ಮೂತ್ರದಲ್ಲಿ ಕಾಗದದ ಪಟ್ಟಿಯೊಂದನ್ನು ಅದ್ದಿ, ಬಣ್ಣ ನೋಡಿ, ಹುಬ್ಬು ಗಂಟಿಕ್ಕಿದಳು.

“ಭಾಳ ಹುಳಿ ಐತ್ರಿ.”

“ನಾ ಲಿಂಬಿ ಆರಸ್ತೇನ್ರಿ ಡಾಕ್ಟರ್ ಬಾಯಾರ, ಕದ್ದ ತಿನ್ನೂದಿಲ್ಲ!”

ಕೋಮಲ ನಕ್ಕುಬಿಟ್ಟಳು. “ಕದ್ದೀರಿ ಅನ್ನಾಕತ್ತಿಲ್ರಿ. ನೀರ ಕಡಿಮಿ ಕುಡದು, ತಡಕೊಂಡು ತಡಕೊಂಡು ಕ್ರಿಮಿ ಬೆಳದಾವ. ಈ ಸೂಜಿ ಔಷಧಿ ಆ ಕ್ರಿಮಿಯ ಮೈಯೊಳಗ ಹೊಕ್ಕರ ಮಾತ್ರ ಅದನ್ನ ಕೊಲ್ತೈತಿ. ಮೂತ್ರ ಇಷ್ಟ ಹುಳಿ ಇದ್ದರ ಒಳಗ ಹೋಗೂದ ಕಡಿಮಿ. ಓಟು ಕೇಳಾಕ ಬಂದವ್ರ ಗತೆ ಓಣಿ ತುಂಬ ಅಡ್ಡಾಡಿ ಹಂಗ ಹೊಳ್ಳಿ ಹೋಗ್ತೈತಿ.”

“ಕ್ರಿಮಿ ಶಾಣ್ಯಾ ಅದಾವ ಅನ್ರಿ. ನಾವು ಅವ್ರನ್ನ ಒಳಗ ಕರದು ಚಾನೂ ಕೊಡ್ತೇವಿ.”

“ಈ ಪುಡಿ ನೀರಾಗ ಕಲಸಿ ಕುಡೀರಿ, ಹುಳಿ ಇಳೀತೈತಿ. ಬರೇ ನೀರೂ ಭಾಳ ಕುಡೀರಿ. ಕಾಲ್ಮಡಿ ಬಂದಾಗೊಮ್ಮೆ ಹೋಗ್ರಿ, ತಡೀಬ್ಯಾಡ್ರಿ. ತಡದ್ರ ಕಿಡ್ನಿಗೆ ಏರ್ತೈತಿ.”

“ಎಲ್ಲಿ ಹೋಗ್ಲಿರಿ? ಸಂಡಾಸದಾಗ ಲಿಂಬಿಹಣ್ಣ ಕುಂತಾವ.”

ಕೋಮಲ ಪುಡಿಯ ಪೊಟ್ಟಣವನ್ನು ಅವಳ ಕೈಗಿಟ್ಟಳು.

ಮರುದಿನ ರಾವಸಾಬ ಅಡತಿಯ ತನ್ನ ಕೋಣೆಯಲ್ಲಿ ಕೂಲರಿನ ಎದುರು ಗಾದಿಯ ಮೇಲೆ ಲೋಡಿಗೆ ಒರಗಿದ್ದ. ಕಸ್ತೂರೆವ್ವ ಬಾಗಿಲಲ್ಲಿ ನಿಂತಳು.

“ಸಾವಕಾರ್ರ, ಚೀಲ ತಗಸ್ರಿ. ತಡದ್ರ ಕಿಡ್ನಿಗೆ ಏರ್ತೈತಂತ.”

“ಯಾಂವ ಹೇಳ್ದಾಂವ? ನಮ್ಮಜ್ಜಿ ಹೊತ್ತ ಮುಳಗೂತನಕ ಒಮ್ಮಿನೂ ಹೊರಗ ಹೋಗಿಲ್ಲ. ನೀರ ಕಡಿಮಿ ಕುಡಿ, ಎಲ್ಲಾ ಸರಿಹೋಗ್ತೈತಿ. ಸಂಜಿಕ ಸೊಲ್ಲಾಪುರದ ವ್ಯಾಪಾರಿ ಬರ್ತಾನ. ಹಣ್ಣಿಗೆ ತಂಪ ಬೇಕು.”

“ಹಣ್ಣಿಗೆ ತಂಪ ಸಿಕ್ಕರ ಸಾಕೇನ್ರಿ?”

“ಸಾಕು. ಹೋಗು, ಆರಸು.”

ಮಧ್ಯಾಹ್ನ ರಾವಸಾಬ ಮನೆಗೆ ಹೋಗಿ, ಉಂಡು, ಒಂದು ನಿದ್ದೆ ತೆಗೆದು ಬಂದಾಗ ಗಾದಿ ಕಾಣಲಿಲ್ಲ. ಗಾದಿಯ ಮೇಲೆ ಚೀಲ, ಲೋಡಿನ ಮೇಲೆ ಚೀಲ, ಗೋಡೆಯ ಮೇಲಿನ ಅವನ ಸನ್ಮಾನದ ಫೋಟೋದ ಗದ್ದ ಮುಟ್ಟುವಷ್ಟು ಚೀಲ. ಕೂಲರು ನಿಂಬೆಹಣ್ಣಿಗೆ ಗಾಳಿ ಹಾಕುತ್ತಿತ್ತು. ಚೀಲ ಹೊತ್ತು ಹಾಕಿದ ಹೆಂಗಸರೆಲ್ಲ ಅಂಗಳದಲ್ಲಿ ಕುಳಿತು, ಏನೂ ಆಗದವರಂತೆ ಹಣ್ಣು ಆರಿಸುತ್ತಿದ್ದರು.

“ಯಾರ ಹೇಳಿದ್ರು ನಿಮಗ?”

“ನೀವ ಹೇಳಿದ್ರಲ್ರಿ, ತಂಪ ಬೇಕಂತ,” ಎಂದಳು ಅವರಲ್ಲಿದ್ದ ಚಂದವ್ವ. “ಸಂಡಾಸಕ್ಕಿಂತ ಅಲ್ಲೆ ತಂಪ ಜಾಸ್ತಿ ಐತ್ರಿ. ವಾಸನಿನೂ ಇಲ್ಲ.”

“ಮತ್ತ ನಾ ಎಲ್ಲಿ ಕುಂಡ್ರಲಿ?”

“ಬಯಲ ಬೇಕಾದಷ್ಟ ಐತಲ್ರಿ.”

ಹೆಂಗಸರ ಸಾಲು ಸೆರಗು ಬಾಯಿಗಿಟ್ಟುಕೊಂಡು ಕುಲುಕಿತು. ಅಷ್ಟರಲ್ಲಿ ಗೇಟಿನ ಹತ್ತಿರ ವ್ಯಾಪಾರಿಯ ಗಾಡಿ ಹಾರ್ನ್ ಹೊಡೆಯಿತು. ರಾವಸಾಬನ ದನಿ ಏರಿತು.

“ಕಸ್ತೂರಿ! ಎಲ್ಲಾ ಚೀಲ ಮತ್ತ ಸಂಡಾಸದಾಗ ಒಟ್ಟು. ಈಗಿಂದೀಗ! ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ.”

ಕಸ್ತೂರೆವ್ವ ಪುಡಿ ಕಲಸಿಟ್ಟ ತಂಬಿಗೆಯನ್ನು ಎತ್ತಿದಳು. ಅವನ ಮುಖ ನೋಡುತ್ತಲೇ ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ಚಂದವ್ವನ ಕೈಗೆ ಕೊಟ್ಟಳು.

“ಒಟ್ಟೂದಿಲ್ಲ. ನಾಳಿನೂ ಬರ್ತೇನಿ,” ಎಂದು ಸಂಡಾಸದ ಕಡೆ ನಡೆದಳು.